ಫ್ಲ್ಯಾಶ್ ತಂತ್ರಾಂಶದ ಉದಯಾಸ್ತಗಳೂ ಅದರ ಕೃತಿಗಳ ಜೀರ್ಣೋದ್ಧಾರವೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಜರುಗಿದ ಉಪನ್ಯಾಸಮಾಲೆಯಲ್ಲಿಯ ಭಾಷಣ)

 

ಮಠದ ಮಹೋತ್ಸವದ ಸಭೆಯಲ್ಲಿ ಗಣಕಯಂತ್ರದ ಚಿತ್ರವಿನೋದಗಳ ಮಾತೇಕೆಂದು ಕೆಲವರಿಗೆ ತೋರುವದು ಸಹಜವಾಗಿದೆ. ಆದರೆ ಗ್ರಂಥಗಳು ಹೇಗೆ ಉಳಿಯುತ್ತವೆ, ಹೇಗೆ ಅಳಿಯುತ್ತವೆ ಎಂಬ ವಿಷಯದಲ್ಲಿ ಲಿಂಗಾಯತ ಮಠಗಳಿಗಿರುವ ಅನುಭವವು ಅಲ್ಪವಾದುದಲ್ಲ. 12ನೆಯ ಶತಮಾನದ ಶರಣರ ವಚನಗಳು ಇಂದಿನವರ ಕೈಗೆ ಬಂದದ್ದು ತಾಡವೋಲೆಯು ಗಟ್ಟಿಯಾಗಿದ್ದುದರಿಂದಲ್ಲ. ಓಲೆಯನ್ನು ಗೆದ್ದಲು ತಿನ್ನುವದು, ತೇವ ಕೆಡಿಸುವದು, ಬೆಂಕಿ ಸುಡುವದು. ತಲೆಮಾರು ತಲೆಮಾರಿಗೆ ಒಬ್ಬ ಪ್ರತಿಕಾರನು ಹಳೆಯ ಓಲೆಯನ್ನು ಎದುರಿಗಿಟ್ಟುಕೊಂಡು ಹೊಸ ಓಲೆಯ ಮೇಲೆ ಕಂಟದಿಂದ ಕೊರೆದುದರಿಂದ ಅವು ಉಳಿದವು. ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಸಂಕಲನಕ್ಕೆ ಕೈಹಾಕದೆ ಇದ್ದಿದ್ದರೆ, ಮತ್ತು ವಿಜಾಪುರದ ಫ. ಗು. ಹಳಕಟ್ಟಿಯವರು ಸನ್ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿ, 1925ರಲ್ಲಿ ಸ್ವಂತ ಮುದ್ರಣಾಲಯವನ್ನೂ ಮರುವರ್ಷ ಶಿವಾನುಭವ ಪತ್ರಿಕೆಯನ್ನೂ ಆರಂಭಿಸದೆ ಇದ್ದಿದ್ದರೆ, ಇಂದು ಈ ಮಂಟಪದಲ್ಲಿ ವಚನಗಾಯನವು ಈ ಪರಿಯಲ್ಲಿ ಆಗುತ್ತಿತ್ತೋ ಇಲ್ಲವೋ ಹೇಳಲಾಗದು.

ತಾಡವೋಲೆಗೆ ಒಂದು ದೊಡ್ಡ ಗುಣವುಂಟು. ಕಣ್ಣೂ ಲಿಪಿಜ್ಞಾನವೂ ಇದ್ದರೆ ಸಾಕು, ಅದನ್ನು ಯಾರಾದರೂ ಓದಬಹುದು. ಗಣಕಯಂತ್ರದ ಕೃತಿಗೆ ಈ ಗುಣವಿಲ್ಲ. ಅದನ್ನು ಓದುವದಕ್ಕೆ ಮತ್ತೊಂದು ತಂತ್ರಾಂಶವು ಬೇಕು. ಆ ತಂತ್ರಾಂಶಕ್ಕೆ ಒಬ್ಬ ಒಡೆಯನಿರುವನು. ಬೆಡಗಿನ ವಚನವು ಕೈಯಲ್ಲಿದ್ದರೂ ಟೀಕಾಕಾರನ ಸಹಾಯವಿಲ್ಲದೆ ಅದರ ಅರ್ಥವು ದಕ್ಕುವದಿಲ್ಲವಷ್ಟೆ. ಆ ಟೀಕೆಯು ಒಬ್ಬನೇ ವ್ಯಾಪಾರಿಯ ಬಳಿಯಲ್ಲಿದ್ದು, ಅವನು ಇಂಥ ದಿವಸದಿಂದ ಅದನ್ನು ತೆರೆಯಲಾಗದೆಂದು ಬೀಗ ಹಾಕಿದರೆ ವಚನದ ಗತಿಯೇನು? ಇದು ಕೇವಲ ಕಲ್ಪನೆಯಲ್ಲ. ಸನ್ 2021ನೆಯ ಇಸವಿಯ ಜಾನೇವರಿ 12ನೆಯ ತಾರೀಖಿಗೆ ಫ್ಲ್ಯಾಶ್ ಎಂಬ ತಂತ್ರಾಂಶದ ಲಕ್ಷಾವಧಿ ಕೃತಿಗಳಿಗೆ ಇದೇ ಪ್ರಸಂಗವು ಒದಗಿತು.

ಈ ಕಥೆಯ ಬೇರು ತುಸು ಹಿಂದಕ್ಕೆ ಹೋಗುತ್ತದೆ. ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ 1984ರಲ್ಲಿ ಮಾರ್ಕ್ ಕ್ಯಾಂಟರ್ ಮೊದಲಾದವರು ಮ್ಯಾಕ್ರೋಮೈಂಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ವಿಡಿಯೋವರ್ಕ್ಸ್ ಎಂಬ ತಂತ್ರಾಂಶವು 1985ರಲ್ಲಿ ಹೊರಬಂದು, ಮುಂದೆ ಡೈರೆಕ್ಟರ್ ಎಂಬ ಹೆಸರನ್ನು ತಾಳಿತು. ಹೆಸರೇ ಹೇಳುವಂತೆ ಅದರ ಕಲ್ಪನೆಯೆಲ್ಲ ನಾಟ್ಯಶಾಲೆಯದು. ಚಿತ್ರಗಳು ನಡೆದಾಡುವ ಸ್ಥಳಕ್ಕೆ ರಂಗವೆಂದೂ, ಚಿತ್ರ ಧ್ವನಿ ಅಕ್ಷರಗಳ ಸಮೂಹಕ್ಕೆ ಪಾತ್ರವರ್ಗವೆಂದೂ ಹೆಸರಿಟ್ಟು, ಯಾವ ಪಾತ್ರವು ಯಾವ ಕ್ಷಣದಲ್ಲಿ ಎಲ್ಲಿರತಕ್ಕದ್ದು ಎಂಬದನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಸಿ.ಡಿ. ಫಲಕಗಳ ಮೇಲೆ ಬಂದ ಆ ಕಾಲದ ಅನೇಕ ಪಾಠಗಳೂ ಆಟಗಳೂ ಇದರಿಂದಲೇ ರಚಿತವಾದವು. 1992ರಲ್ಲಿ ಈ ಸಂಸ್ಥೆಯು ಆಥರ್‌ವೇರ್ ಸಂಸ್ಥೆಯೊಡನೆ ಕೂಡಿ ಮ್ಯಾಕ್ರೋಮೀಡಿಯ ಎಂಬದಾಯಿತು. 1995ರಲ್ಲಿ ಶಾಕ್‌ವೇವ್ ಎಂಬ ಸಾಧನದ ಮೂಲಕ ಡೈರೆಕ್ಟರ್ ಕೃತಿಗಳನ್ನು ಅಂತರಜಾಲದಲ್ಲಿಯೂ ತೋರಿಸುವಂತಾಯಿತು. ಅಡಚಣಿಯು ಭಾರದ್ದು. ಆಗಿನ ಮನೆಮನೆಯ ಮೋಡೆಮ್ ಎಂಬ ಯಂತ್ರವು ತಂತಿಯ ಮೇಲಿಂದ ಸೆಕೆಂಡಿಗೆ 28,800 ಬಿಟ್ ಮಾತ್ರ ತರುತ್ತಿತ್ತು. ಒಂದು ಮೆಗಾಬೈಟ್ ಬರಲು ಸುಮಾರು 5 ನಿಮಿಷ ಹಿಡಿಯುವದು. ಒಂದು ಚಿತ್ರಕ್ಕಾಗಿ ಅಷ್ಟು ಹೊತ್ತು ಕಾಯುವ ತಾಳ್ಮೆಯು ಎಷ್ಟು ಜನರಿಗಿದ್ದೀತು?

ಈ ಅಡಚಣಿಯನ್ನು ನಿವಾರಿಸಿದವರು ಜೊನಾಥನ್ ಗೇ ಎಂಬ ಗೃಹಸ್ಥರು. ಇವರು ತಾರುಣ್ಯದಲ್ಲಿಯೇ ಮ್ಯಾಕಿಂಟೋಶ್ ಯಂತ್ರಕ್ಕೆ ಡಾರ್ಕ್ ಕ್ಯಾಸಲ್ ಎಂಬ ಆಟವನ್ನು ರಚಿಸಿ ಹೆಸರಾಗಿದ್ದವರು. 1993ರ ಜಾನೇವರಿಯಲ್ಲಿ ಚಾರ್ಲಿ ಜಾಕ್ಸನ್ನರ ದ್ರವ್ಯಸಹಾಯದಿಂದ ಫ್ಯೂಚರ್‌ವೇವ್ ಎಂಬ ಚಿಕ್ಕ ಸಂಸ್ಥೆಯನ್ನು ಹೂಡಿ, ಲೇಖನಿಯಿಂದ ಪರದೆಯ ಮೇಲೆಯೇ ಬರೆಯುವ ಹೊಸ ಬಗೆಯ ಯಂತ್ರಗಳಿಗಾಗಿ ಸ್ಮಾರ್ಟ್‌ಸ್ಕೆಚ್ ಎಂಬ ಚಿತ್ರಲೇಖನ ತಂತ್ರಾಂಶವನ್ನು ಸಿದ್ಧಪಡಿಸಿದರು. ಅದು ಸಿದ್ಧವಾಗುವ ಹೊತ್ತಿಗೆ, 1994ರಲ್ಲಿ, ಆ ಯಂತ್ರಗಳ ಉದ್ಯೋಗವನ್ನೇ ಅದರ ಒಡೆಯರು ಮುಚ್ಚಿಬಿಟ್ಟರು. ಹೊಲವನ್ನು ಹದ ಮಾಡಿ ಬಿತ್ತಿದವನಿಗೆ ಹೊಲವೇ ಇಲ್ಲದಂತಾಯಿತು. ತಂತ್ರಾಂಶವನ್ನು ಸಾಮಾನ್ಯ ಗಣಕಯಂತ್ರಗಳಿಗೆ ಒಗ್ಗಿಸಿದರಾದರೂ ಅಲ್ಲಿ ದೊಡ್ಡ ವ್ಯಾಪಾರಿಗಳ ಪೈಪೋಟಿಯ ಮುಂದೆ ಅದು ಓಡಲಿಲ್ಲ. 1995ರಲ್ಲಿ ಒಂದು ಪ್ರದರ್ಶನದಲ್ಲಿ ನೋಡಿದವರು, ಇದರಲ್ಲಿ ಚಿತ್ರಗಳು ಚಲಿಸುವಂತೆ ಯಾಕೆ ಮಾಡಬಾರದೆಂದು ಕೇಳಿದರು. ಗೇ ಅವರೂ ಅವರ ಸಂಗಡಿಗ ರಾಬರ್ಟ್ ಟಾಟ್ಸುಮಿಯವರೂ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು.

ಅದೇ ವರ್ಷದ ಅಕ್ಟೋಬರದಲ್ಲಿ ಇದನ್ನು ಅಡೋಬಿ ಎಂಬ ದೊಡ್ಡ ಸಂಸ್ಥೆಗೆ ಮಾರುವ ಪ್ರಯತ್ನವಾಯಿತು. ಆ ಕಾಲಕ್ಕೆ ಚಿತ್ರವನ್ನು ಬ್ರೌಸರಿನಲ್ಲಿ ತೋರಿಸಲು ಜಾವಾ ಎಂಬ ಭಾಷೆಯ ಹೊರತು ಬೇರೆ ಮಾರ್ಗವಿರಲಿಲ್ಲ. ಜಾವಾದಲ್ಲಿ ಅದು ಅತ್ಯಂತ ಮಂದಗತಿಯಿಂದ ನಡೆಯಿತು. ಅಡೋಬಿಯವರಿಗೆ ಮನಸ್ಸಾಗಲಿಲ್ಲ. ಅದೇ ಅಡೋಬಿ ಸಂಸ್ಥೆಯು ಮುಂದೆ ಹತ್ತು ವರ್ಷಗಳಿಗೆ, ಅಂದರೆ 2005ರಲ್ಲಿ, ಸುಮಾರು 340 ಕೋಟಿ ಡಾಲರ್ ಬೆಲೆಯ ಶೇರುಗಳನ್ನು ಕೊಟ್ಟು, ಈ ತಂತ್ರಾಂಶವನ್ನು ಹೊಂದಿದ್ದ ಮ್ಯಾಕ್ರೋಮೀಡಿಯವನ್ನೇ ಕೊಂಡಿತೆಂಬದು ವ್ಯಾಪಾರದ ವಿನೋದಗಳಲ್ಲೊಂದು.

ನೆಟ್‌ಸ್ಕೇಪ್ ಬ್ರೌಸರು ಹೊರಗಿನ ಸಾಧನಗಳನ್ನು ಜೋಡಿಸಿಕೊಳ್ಳುವ ವ್ಯವಸ್ಥೆಯನ್ನು ಮಾಡಿದೊಡನೆ ಜಾವಾದ ಹಂಗು ತಪ್ಪಿತು. 1996ರ ಮೇ ತಿಂಗಳಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಹೆಸರಿನಿಂದ ತಂತ್ರಾಂಶವು ಹೊರಬಿದ್ದಿತು. ಮೈಕ್ರೋಸಾಫ್ಟಿನವರೂ ಡಿಸ್ನಿಯವರೂ ಅದನ್ನು ಬಳಸಿದರು. ವರ್ಷವು ಮುಗಿಯುವದರೊಳಗೆ ಮ್ಯಾಕ್ರೋಮೀಡಿಯವು ಅದನ್ನು ಕೊಂಡು ಫ್ಲ್ಯಾಶ್ ಎಂದು ಮರುನಾಮಕರಣ ಮಾಡಿತು.

ಇದರ ಒಳಗುಟ್ಟನ್ನು ತುಸು ಬಿಡಿಸಿ ನೋಡತಕ್ಕದ್ದು. ಸಾಮಾನ್ಯ ಛಾಯಾಚಿತ್ರವನ್ನು ಗಣಕಯಂತ್ರವು ಬಣ್ಣದ ಚುಕ್ಕೆಗಳ ರಾಶಿಯಾಗಿ ಇಟ್ಟುಕೊಳ್ಳುವದು. ಚಿತ್ರ ದೊಡ್ಡದಾದಷ್ಟೂ ಚುಕ್ಕೆ ಹೆಚ್ಚು, ಭಾರ ಹೆಚ್ಚು. ಫ್ಲ್ಯಾಶಿನ ರೀತಿ ಹಾಗಲ್ಲ. ಅದು ಚಿತ್ರವನ್ನು ಕಳಿಸುತ್ತಿರಲಿಲ್ಲ, ಚಿತ್ರ ಬಿಡಿಸುವ ಸೂಚನೆಯನ್ನು ಕಳಿಸುತ್ತಿತ್ತು. ಅಂಗಳದಲ್ಲಿ ರಂಗವಲ್ಲಿಯನ್ನು ಹಾಕುವ ತಾಯಂದಿರಿಗೆ ಈ ಮಾತು ಕೂಡಲೆ ತಿಳಿದೀತು. ಇಷ್ಟು ಚುಕ್ಕೆ, ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲಿ ಬಳುಕು ಎಂದು ನಾಲ್ಕು ಮಾತಿನಲ್ಲಿ ಹೇಳಿದರೆ ಬೇರೆ ಊರಿನ ಗೆಳತಿಯು ತನ್ನ ಅಂಗಳದಲ್ಲಿ ಅದೇ ರಂಗವಲ್ಲಿಯನ್ನು ಬೇಕಾದಷ್ಟು ದೊಡ್ಡದಾಗಿ ಹಾಕಬಲ್ಲಳು; ಪುಡಿಯನ್ನು ಹೊತ್ತುಕೊಂಡು ಹೋಗುವ ಕಾರಣವಿಲ್ಲ. ಒಂದು ಮರವನ್ನು ಒಮ್ಮೆ ಬರೆದಿಟ್ಟರೆ ಕಾಡನ್ನೆಲ್ಲ ಆ ಒಂದೇ ಮರದ ಪುನರಾವೃತ್ತಿಯಿಂದ ತುಂಬಬಹುದಾಗಿತ್ತು. ಚಲನೆಯೂ ಹಾಗೆಯೆ. ಚೆಂಡು ಮೊದಲಿಗೆ ಎಲ್ಲಿತ್ತು, ಕಡೆಗೆ ಎಲ್ಲಿರುವದು ಎಂಬೆರಡು ಚಿತ್ರಗಳನ್ನು ಕಲಾವಿದನು ಬರೆದರೆ ನಡುವಿನವನ್ನು ಯಂತ್ರವೇ ತುಂಬಿಕೊಳ್ಳುವದು. ಆರಂಭದ ದಿನಗಳಲ್ಲಿ ಸೆಕೆಂಡಿಗೆ 12 ಚಿತ್ರಗಳು ವಾಡಿಕೆಯ ಪ್ರಮಾಣವಾಗಿದ್ದವು. ಅಲ್ಲದೆ, ಕೃತಿಯೆಲ್ಲ ಬಂದು ಮುಟ್ಟುವ ಮೊದಲೇ ಬಂದಷ್ಟರಿಂದ ಆಟವು ಆರಂಭವಾಗುತ್ತಿತ್ತು. ಹೀಗೆ ಸಿದ್ಧವಾದ ಎಸ್.ಡಬ್ಲ್ಯು.ಎಫ್. ಎಂಬ ಫೈಲನ್ನು ಓದಿ ಪರದೆಯ ಮೇಲೆ ಬಿಡಿಸುವ ಕೆಲಸವು ಫ್ಲ್ಯಾಶ್ ಪ್ಲೇಯರ್ ಎಂಬ ಧರ್ಮಾರ್ಥವಾಗಿ ದೊರೆಯುತ್ತಿದ್ದ ಸಾಧನದ್ದು. ಸನ್ 2000ದಲ್ಲಿ ಆಕ್ಷನ್‌ಸ್ಕ್ರಿಪ್ಟ್ ಎಂಬ ಆಜ್ಞಾಭಾಷೆಯು ಕೂಡಿದ ಮೇಲೆ ಚಿತ್ರವು ನೋಡುವವನ ಕೈಯ ಮಾತನ್ನೂ ಕೇಳತೊಡಗಿತು.

ಇದರ ಪರಿಣಾಮವು ಯಾರೂ ಎಣಿಸಿದುದಕ್ಕಿಂತ ದೊಡ್ಡದಾಯಿತು. ಅದುವರೆಗೆ ಚಲಚ್ಚಿತ್ರವೆಂದರೆ ಶಾಲೆ, ಕ್ಯಾಮರಾ, ನೂರಾರು ಚಿತ್ರಕಾರರು, ದ್ರವ್ಯವಂತರ ಬೆಂಬಲ ಎಂದಿತ್ತು. ಈಗ ಒಬ್ಬ ವಿದ್ಯಾರ್ಥಿಯು ತನ್ನ ಕೋಣೆಯಲ್ಲಿ ಕುಳಿತು ರಾತ್ರಿ ಬರೆದದ್ದನ್ನು ಬೆಳಿಗ್ಗೆ ಲೋಕವೆಲ್ಲ ನೋಡುವಂತಾಯಿತು. ಟಾಮ್ ಫಲ್ಪ್ ಅವರು 1995ರಲ್ಲಿ ಆರಂಭಿಸಿದ ನ್ಯೂಗ್ರೌಂಡ್ಸ್ ಎಂಬ ತಾಣವು 2000ದಿಂದ ಯಾರ ಕೃತಿಯನ್ನಾದರೂ ಸ್ವೀಕರಿಸಿ, ಉಳಿಸುವದನ್ನೂ ಬಿಡುವದನ್ನೂ ನೋಡುಗರ ಮತಕ್ಕೇ ಒಪ್ಪಿಸಿತು. ಅಲ್ಲಿ ಬಂದದ್ದೆಲ್ಲ ಸದಭಿರುಚಿಯದ್ದೆಂದು ಹೇಳಲಾಗದು. ಒರಟುತನವೂ ಅಶ್ಲೀಲವೂ ಸಾಕಷ್ಟಿದ್ದವು. ಆದರೂ ಮುಂದೆ ಹೆಸರಾದ ಅನೇಕ ಕಲಾವಿದರ ಮೊದಲ ಕೈಬರಹವು ಅಲ್ಲಿಯದೇ. ಅಟ್ಲಾಂಟದ ಚಾಪ್‌ಮನ್ ಸಹೋದರರು 2000ದಿಂದ ನಡೆಸಿದ ಹೋಮ್‌ಸ್ಟಾರ್ ರನ್ನರ್ ಎಂಬ ಹಾಸ್ಯಮಾಲೆಯು ಯಾವ ದೊಡ್ಡ ಕಂಪನಿಯ ನೆರವೂ ಇಲ್ಲದೆ ಲಕ್ಷಗಟ್ಟಲೆ ಜನರನ್ನು ನಗಿಸಿತು. ಚೆಕ್ ದೇಶದಲ್ಲಿ ಯಾಕುಬ್ ದ್ವೋರ್ಸ್ಕಿ ಎಂಬ ವಿದ್ಯಾರ್ಥಿಯು ತನ್ನ ಕಲಾಶಾಲೆಯ ಪದವಿಗಾಗಿ ರಚಿಸಿದ ಸಾಮೊರೋಸ್ತ್ ಎಂಬ ಆಟವು 2003ರಲ್ಲಿ ಬಂದಿತು. ಪಾಚಿ ಹಿಡಿದ ಮರದ ಬೊಡ್ಡೆಯೇ ಅದರಲ್ಲಿ ಒಂದು ಗ್ರಹ, ಮಾತೇ ಇಲ್ಲ. 2005ರಲ್ಲಿ ಹುಟ್ಟಿದ ಯೂಟ್ಯೂಬ್ ತನ್ನ ಚಿತ್ರಗಳನ್ನು ಮೊದಲ ವರ್ಷಗಳಲ್ಲಿ ತೋರಿಸಿದ್ದೂ ಈ ಪ್ಲೇಯರಿನ ಮೂಲಕವೇ.

ಭಾರತದೊಡನೆ ಸಂಬಂಧವುಳ್ಳ ಒಂದು ಕೃತಿಯನ್ನು ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ನೀನಾ ಪೇಲಿ ಎಂಬ ಅಮೇರಿಕದ ಚಿತ್ರಕಾರಿಣಿಯು ತನ್ನ ಪತಿಗೆ ತಿರುವನಂತಪುರದಲ್ಲಿ ಉದ್ಯೋಗ ದೊರೆತುದರಿಂದ 2002ರಲ್ಲಿ ಅಲ್ಲಿಗೆ ಬಂದರು. ರಾಮಾಯಣದ ಪರಿಚಯವಾದದ್ದು ಅಲ್ಲಿ. ಆಕೆ ನ್ಯೂಯಾರ್ಕಿಗೆ ಹೋಗಿದ್ದಾಗ ಪತಿಯು ಒಂದು ಇ-ಮೇಲ್ ಪತ್ರದ ಮೂಲಕ ಸಂಬಂಧವನ್ನು ಕಡಿದುಕೊಂಡನು. ಆ ದುಃಖದಲ್ಲಿ ಆಕೆಗೆ ಸೀತಾದೇವಿಯ ವನವಾಸವು ತನ್ನದೇ ಕಥೆಯೆಂಬಂತೆ ತೋರಿ, ಸೀತಾ ಸಿಂಗ್ಸ್ ದ ಬ್ಲೂಸ್ ಎಂಬ 82 ನಿಮಿಷಗಳ ಚಿತ್ರವನ್ನು ಬಹುಭಾಗ ಫ್ಲ್ಯಾಶಿನಿಂದ, ಮನೆಯ ಗಣಕಯಂತ್ರದ ಮೇಲೆ, ತಾನೊಬ್ಬಳೇ ಬರೆದು 2008ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದಳು. ತೊಗಲುಬೊಂಬೆಗಳ ನೆರಳುಗಳು ತಮ್ಮತಮ್ಮೊಳಗೆ ಕಥೆಯ ಬಗ್ಗೆ ವಾದಿಸುವ ಭಾಗವು ಅದರಲ್ಲಿ ಅತಿ ರಮ್ಯವಾದುದು. ಸೀತೆಯನ್ನು ಹೀಗೆ ಚಿತ್ರಿಸಬಹುದೇ ಎಂದು ಆಕ್ಷೇಪಿಸಿದ ಹಿಂದೂ ಭಕ್ತರೂ ಇದ್ದರು. ಅವರ ನೋವನ್ನು ಹಗುರವಾಗಿ ಎಣಿಸಬಾರದು. ಆದರೆ ಕೃತಿಗೆ ಬಂದ ದೊಡ್ಡ ವಿಘ್ನವು ಬೇರೆಯದು. ಚಿತ್ರದಲ್ಲಿ ಬಳಸಿದ ಹಾಡುಗಳು ಆನೆಟ್ ಹ್ಯಾನ್‌ಶಾ ಎಂಬ ಗಾಯಕಿಯು 1920ರ ದಶಕದ ಸುಮಾರಿಗೆ ಹಾಡಿದವು. ಧ್ವನಿಮುದ್ರಣಕ್ಕೆ ತಡೆಯಿರದಿದ್ದರೂ ಸಾಹಿತ್ಯ-ಸ್ವರಗಳ ಸ್ವಾಮ್ಯವು ಕಂಪನಿಗಳ ವಶದಲ್ಲಿತ್ತು. ಪೇಲಿಯವರು ಸಾಲ ಮಾಡಿ ಆ ಹಣವನ್ನು ಸಲ್ಲಿಸಿ, ಚಿತ್ರವನ್ನು ಮಾತ್ರ ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟರು. 2013ರಲ್ಲಿ ತಮ್ಮ ಪಾಲಿನ ಉಳಿದ ಹಕ್ಕನ್ನೂ ತೊರೆದರು.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಮುಚ್ಚಿಡುವದು ಸರಿಯಲ್ಲ. ಉಪಯೋಗವಿಲ್ಲದ ಕುಣಿತವನ್ನು ಪುಟದ ಬಾಗಿಲಲ್ಲಿಯೇ ನಿಲ್ಲಿಸಿ, ಒಳಗೆ ಹೋಗಬೇಕಾದವನನ್ನು ಕಾಯಿಸುವ ಚಾಳಿಯು ಎಲ್ಲೆಡೆಯಲ್ಲಿಯೂ ಹಬ್ಬಿತು. ಜಾಕೊಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿಯೇ ಫ್ಲ್ಯಾಶಿನ ಬಳಕೆಯಲ್ಲಿ ಶೇಕಡಾ 99 ಭಾಗವು ಕೆಟ್ಟದೆಂದು ಬರೆದರು. ಮಾತು ಕಟುವಾದರೂ ಕಾರಣವಿಲ್ಲದ್ದಲ್ಲ. ಫ್ಲ್ಯಾಶಿನೊಳಗಿನ ಅಕ್ಷರಗಳನ್ನು ಅಂಧರಿಗಾಗಿ ಓದಿ ಹೇಳುವ ಯಂತ್ರಗಳು ಬಹುಕಾಲ ಹಿಡಿಯಲಾರದೆ ಹೋದವು. ಅದರೊಳಗಿನ ಭದ್ರತೆಯ ಬಿರುಕುಗಳ ಮೂಲಕ ದುಷ್ಟರು ಪರರ ಯಂತ್ರಗಳಿಗೆ ನುಗ್ಗತೊಡಗಿದರು. ಒಂದು ತೂತನ್ನು ಮುಚ್ಚುವದರೊಳಗೆ ಮತ್ತೊಂದು ಕಾಣಿಸುವದು.

ಆ್ಯಪಲ್ ಸಂಸ್ಥೆಯ ಐಫೋನು 2007ರಲ್ಲಿ ಫ್ಲ್ಯಾಶ್ ಇಲ್ಲದೆಯೇ ಹೊರಟಿತು. 2010ನೆಯ ಏಪ್ರಿಲ್ 29ಕ್ಕೆ ಅದರ ಅಧಿಪತಿ ಸ್ಟೀವ್ ಜಾಬ್ಸ್ ಅವರು ಬಹಿರಂಗ ಪತ್ರವೊಂದನ್ನು ಪ್ರಕಟಿಸಿ, ಅದು ಒಬ್ಬರ ಸೊತ್ತು, ಭದ್ರವಲ್ಲ, ವಿದ್ಯುತ್ಕೋಶವನ್ನು ಬೇಗ ಬರಿದು ಮಾಡುವದು, ಇಲಿಯಾಕಾರದ ಸಾಧನಕ್ಕಾಗಿ ಹುಟ್ಟಿದ್ದು ಬೆರಳಿಗೆ ಒಗ್ಗದು ಎಂದು ಮೊದಲಾಗಿ ಕಾರಣಗಳನ್ನು ಕೊಟ್ಟರು. ತಮ್ಮ ಸಂಸ್ಥೆಯ ಅನೇಕ ವಸ್ತುಗಳೂ ಮುಚ್ಚಿದ ಸೊತ್ತೇ ಎಂಬದನ್ನು ಅವರು ಅದೇ ಪತ್ರದಲ್ಲಿ ಒಪ್ಪಿಕೊಂಡರು. ಜಾಲದ ಮಾನದಂಡಗಳಾದರೂ ತೆರೆದಿರಲೆಂಬದು ಅವರ ವಾದ. ವಾದದಲ್ಲಿ ವ್ಯಾಪಾರದ ಸ್ವಾರ್ಥವು ಬೆರೆತಿರಲಿಲ್ಲವೆಂದು ನಂಬುವದು ಕಷ್ಟ. ಆದರೆ ಸಂಗತಿಗಳು ಬಹುಮಟ್ಟಿಗೆ ನಿಜವಾಗಿದ್ದವು. ಮರುವರ್ಷ ನವೆಂಬರಿನಲ್ಲಿ ಅಡೋಬಿಯವರೇ ದೂರವಾಣಿಗಳಿಗಾಗಿ ಫ್ಲ್ಯಾಶನ್ನು ಬೆಳೆಸುವದನ್ನು ನಿಲ್ಲಿಸಿದರು. ಚಿತ್ರ-ಧ್ವನಿಗಳನ್ನು ಬ್ರೌಸರೇ ನೇರವಾಗಿ ತೋರಿಸುವ ಎಚ್.ಟಿ.ಎಂ.ಎಲ್. 5 ಎಂಬ ತೆರೆದ ಮಾನದಂಡವು 2014ರಲ್ಲಿ ಅಧಿಕೃತವಾಯಿತು. 2017ರ ಜುಲೈ 25ಕ್ಕೆ ಅಡೋಬಿಯು ಮೂರು ವರ್ಷಗಳ ಗಡುವನ್ನು ಸಾರಿತು. 2020ರ ಡಿಸೆಂಬರ್ 31ಕ್ಕೆ ಪೋಷಣೆ ನಿಂತಿತು. ಮತ್ತೆ ಹನ್ನೆರಡು ದಿವಸಗಳಿಗೆ, ಪ್ಲೇಯರಿನ ಒಳಗೇ ಮುಂಚಿತವಾಗಿ ಇಟ್ಟಿದ್ದ ಆಜ್ಞೆಯ ಪ್ರಕಾರ, ಅದು ಫೈಲುಗಳನ್ನು ತೆರೆಯಲು ನಿರಾಕರಿಸಿತು. ಫಾರ್ಮ್‌ವಿಲ್ ಎಂಬ, ಕೋಟ್ಯವಧಿ ಜನರು ಆಡುತ್ತಿದ್ದ ಒಕ್ಕಲುತನದ ಆಟವು ಆ ಡಿಸೆಂಬರಿನ ಕಡೆಯ ದಿನವೇ ಬಾಗಿಲಿಕ್ಕಿತು. ದಕ್ಷಿಣ ಆಫ್ರಿಕದ ಕಂದಾಯ ಇಲಾಖೆಯ ತೆರಿಗೆಯ ಕಾಗದಗಳು ಕೆಲವು ಇನ್ನೂ ಫ್ಲ್ಯಾಶಿನಲ್ಲಿಯೇ ಇದ್ದುದರಿಂದ, ಆ ಇಲಾಖೆಯು ಅವುಗಳಿಗೋಸ್ಕರ ತನ್ನದೇ ಒಂದು ಬ್ರೌಸರನ್ನು ಹೊರಡಿಸಬೇಕಾಯಿತು.

ಗಡುವಿನ ಆ ಮೂರು ವರ್ಷಗಳಲ್ಲಿ ನಡೆದ ಕೆಲಸವನ್ನು ಶರಣಧರ್ಮದ ಭಾಷೆಯಲ್ಲಿ ದಾಸೋಹವೆಂದು ಕರೆಯಲು ಅಡ್ಡಿಯಿಲ್ಲ. ಬೆನ್ ಲ್ಯಾಟಿಮೋರ್ ಎಂಬ ತರುಣರು ಫ್ಲ್ಯಾಶ್‌ಪಾಯಿಂಟ್ ಎಂಬ ಸಂಗ್ರಹಕಾರ್ಯವನ್ನು ಆರಂಭಿಸಿದರು. ವೇತನವಿಲ್ಲದ ಸ್ವಯಂಸೇವಕರು ಸೇರಿಕೊಂಡು ಲಕ್ಷಕ್ಕೂ ಮಿಕ್ಕಿ ಆಟಗಳನ್ನೂ ಚಿತ್ರಗಳನ್ನೂ ಹುಡುಕಿ ತಂದಿಟ್ಟರು. ಫೈಲನ್ನು ತಂದಮಾತ್ರಕ್ಕೆ ಕೆಲಸವು ಮುಗಿಯುತ್ತಿರಲಿಲ್ಲ. ಎಷ್ಟೋ ಆಟಗಳು ತಾವು ಇಂಥ ತಾಣದಲ್ಲಿಯೇ ಇರುವೆವೋ ಎಂದು ಮೊದಲು ಪರೀಕ್ಷಿಸಿಕೊಂಡು, ಬೇರೆಡೆಯಲ್ಲಿದ್ದರೆ ಮೌನ ತಾಳುವಂತೆ ರಚಿತವಾಗಿದ್ದವು. ಇನ್ನು ಕೆಲವು ಆಡುತ್ತಿರುವಾಗ ಒಂದೊಂದೇ ತುಣುಕನ್ನು ತಮ್ಮ ಮೂಲ ತಾಣದಿಂದ ಬೇಡುತ್ತಿದ್ದವು. ಆದಕಾರಣ ಈ ಸೇವಕರು ಆಡುವವನ ಯಂತ್ರದಲ್ಲಿಯೇ ಒಂದು ಮಧ್ಯಸ್ಥನನ್ನು ನಿಲ್ಲಿಸಿ, ಹಳೆಯ ತಾಣವು ಇನ್ನೂ ಜೀವಂತವಿದೆಯೆಂದು ಆಟಕ್ಕೆ ನಂಬಿಸುವ ಉಪಾಯವನ್ನು ಹೂಡಿದರು. ಕೃತಿಕಾರರ ಅನುಮತಿಯನ್ನು ಪ್ರತಿಯೊಂದಕ್ಕೂ ಪಡೆಯಲಾಗಿತ್ತೇ ಎಂದು ಕೇಳುವವರಿರಬಹುದು. ಎಷ್ಟೋ ಕೃತಿಗಳ ಕರ್ತೃಗಳು ಹುಡುಗರಾಗಿದ್ದಾಗ ಗುಪ್ತನಾಮದಿಂದ ಬರೆದವರು. ಅಂಕಿತವಿದ್ದೂ ಹೆಸರು ತಿಳಿಯದ ವಚನಕಾರರ ಪರಿಚಯವಿರುವ ಈ ಸಭೆಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಎರಡನೆಯ ದಾರಿಯು ಮೈಕ್ ವೆಲ್ಶ್ ಅವರು ಆರಂಭಿಸಿದ ರಫಲ್ ಎಂಬ ತಂತ್ರಾಂಶದ್ದು. ಇದು ಹಳೆಯ ಪ್ಲೇಯರಿನ ನಕಲಲ್ಲ. ರಸ್ಟ್ ಎಂಬ ಹೊಸ ಗಣಕಭಾಷೆಯಲ್ಲಿ ಮೊದಲಿನಿಂದ ಬರೆದ ಹೊಸ ಟೀಕೆ. ಹಳೆಯ ಪ್ಲೇಯರಿನ ಭದ್ರತೆಯ ಬಿರುಕುಗಳಲ್ಲಿ ಬಹಳಷ್ಟಕ್ಕೆ ಕಾರಣವಾದ ಸ್ಮೃತಿದೋಷಗಳನ್ನು ತಡೆಯುವ ವ್ಯವಸ್ಥೆಯು ಆ ಭಾಷೆಯಲ್ಲಿಯೇ ಇದೆ. ಇದಕ್ಕೆ ಅನುಕೂಲವಾದ ಒಂದು ಸಂಗತಿಯನ್ನು ಅಡೋಬಿಯವರ ಪುಣ್ಯಕ್ಕೆ ಬರೆಯಬೇಕು. 2008ರಲ್ಲಿ ಅವರು ಎಸ್.ಡಬ್ಲ್ಯು.ಎಫ್. ಫೈಲಿನ ರಚನೆಯ ವಿವರಣೆಯನ್ನು ಬಳಕೆಯ ನಿರ್ಬಂಧವಿಲ್ಲದೆ ಪ್ರಕಟಿಸಿದ್ದರು. ಟೀಕಾಕಾರನು ಹೋದರೂ ಆತನ ನಿಘಂಟು ಉಳಿದಿತ್ತು. ಅಂತರಜಾಲದ ಸಂಗ್ರಹಾಲಯವಾದ ಇಂಟರ್ನೆಟ್ ಆರ್ಕೈವ್ 2020ರ ನವೆಂಬರಿನಲ್ಲಿ ರಫಲಿನ ಸಹಾಯದಿಂದ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಸಾರ್ವಜನಿಕರ ಮುಂದಿಟ್ಟಿತು. ನ್ಯೂಗ್ರೌಂಡ್ಸ್ ತನ್ನ ಹಳೆಯ ಕೃತಿಗಳಿಗೂ, ಚಾಪ್‌ಮನ್ ಸಹೋದರರು ತಮ್ಮ ಹಾಸ್ಯಮಾಲೆಗೂ ಇದನ್ನೇ ಬಳಸಿದರು.

ಎಲ್ಲವೂ ಉಳಿಯಿತೆಂದು ಹೇಳುವಂತಿಲ್ಲ. 2005ರಿಂದ 2017ರ ವರೆಗೆ ನಡೆದ ಕ್ಲಬ್ ಪೆಂಗ್ವಿನ್ ಎಂಬ ಮಕ್ಕಳ ಲೋಕದಲ್ಲಿ ದೇಶದೇಶದ ಮಕ್ಕಳು ಒಂದೇ ಹಿಮದ ಬಯಲಿನಲ್ಲಿ ಕೂಡಿ ಆಡುತ್ತಿದ್ದರು. ಬಯಲಿನ ಚಿತ್ರಗಳು ಈಗಲೂ ಸಿಕ್ಕಾವು; ಆದರೆ ಆ ಲೋಕದ ಅರ್ಧಭಾಗವು ಕಂಪನಿಯ ದೂರದ ಯಂತ್ರಗಳಲ್ಲಿತ್ತು. ಜಾತ್ರೆಯು ಕಳೆದ ಮೇಲೆ ಬಯಲನ್ನು ಕಾಯ್ದಿಟ್ಟರೆ ಜಾತ್ರೆಯು ಉಳಿಯದು.

ಕನ್ನಡಿಗರಿಗೂ ಇಂಥ ಅನುಭವವು ಹೊಸತಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡದ ಗ್ರಂಥಗಳು ಗಣಕಯಂತ್ರದಲ್ಲಿ ಒಂದೊಂದು ತಂತ್ರಾಂಶದ ಒಂದೊಂದು ಅಚ್ಚಿನಮೊಳೆಗೆ ಕಟ್ಟುಬಿದ್ದು ಜೋಡಣೆಯಾಗುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬಸವಣ್ಣನವರ ವಚನವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿಗಳೇ ಸಿದ್ಧಪಡಿಸಿರುವರು. ಯಾವದಾದರೂ ಮಠದ ಕಪಾಟಿನಲ್ಲಿ ಆ ಕಾಲದ ಸಿ.ಡಿ. ಫಲಕಗಳು ಇದ್ದಲ್ಲಿ, ತಾಡವೋಲೆಯ ಕಟ್ಟುಗಳಿಗೆ ತೋರುವ ಕಾಳಜಿಯನ್ನೇ ಅವಕ್ಕೂ ತೋರಿ, ಓದುವ ಯಂತ್ರವು ದೊರೆಯುವಾಗಲೇ ಪ್ರತಿ ಮಾಡಿಸಿಡುವದು ಲೇಸು. ಓಲೆಯು ನೂರಾರು ವರ್ಷ ತಾಳೀತು; ಫಲಕಕ್ಕೆ ಆ ಆಯುಷ್ಯವಿಲ್ಲ.

ರಫಲಿನ ಕೆಲಸದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಫ್ಲ್ಯಾಶಿನ ಆಜ್ಞಾಭಾಷೆಯು 2006ರಲ್ಲಿ ಮೂಲದಿಂದ ಬದಲಾಗಿದ್ದುದರಿಂದ ಎರಡು ಬೇರೆಬೇರೆ ಟೀಕೆಗಳನ್ನು ಬರೆಯಬೇಕಾಗಿತ್ತು. ಹೊಸ ಬಗೆಯ ಜಟಿಲ ಕೃತಿಗಳನ್ನು ಓದುವ ಭಾಗವು ಸಿದ್ಧವಾಗಲು ಮತ್ತೆ ಅನೇಕ ವರ್ಷಗಳು ಹಿಡಿದವು. ಅದಕ್ಕೆ ಮುಂಚಿನವು, ಅಂದರೆ ಮೋಡೆಮಿನ ಕಾಲದಲ್ಲಿ ನಾಲ್ಕು ಗೆರೆ ಒಂದು ಚೆಂಡು ಎಂಬಂತೆ ಬರೆದ ಅತಿ ಹಳೆಯ, ಅತಿ ಸರಳ ಚಿತ್ರಗಳು, ಎಲ್ಲಕ್ಕಿಂತ ಮೊದಲು ಎದ್ದು ನಡೆದಾಡಿದವು.